ಇಳಿಸಿದ ವಿಡಿಯೋ ಮತ್ತೆ ಫೋನಿಗೆ ಏರಿಸುವಾಗ

ಮನೆಯಲ್ಲಿ ಹಳೆಯದೊಂದು ಲ್ಯಾಪ್‌ಟಾಪ್ ಇದ್ದರೆ ಅದರ ಡಿ ಡ್ರೈವ್ ತೆರೆದು ನೋಡಿ. 'ಮೊಬೈಲ್ ಬ್ಯಾಕಪ್', 'ಮೊಬೈಲ್ ಬ್ಯಾಕಪ್ ಹೊಸದು', 'ನ್ಯೂ ಫೋಲ್ಡರ್ 3' ಎಂಬ ಹೆಸರುಗಳು ಸಾಲಾಗಿ ಕೂತಿರುತ್ತವೆ. ಒಳಗೆ ಮಗುವಿನ ಮೊದಲ ಹೆಜ್ಜೆ, ತಂಗಿಯ ಸೀಮಂತ, ಶಾಲೆಯ ವಾರ್ಷಿಕೋತ್ಸವದ ನೃತ್ಯ, ಈಗಿಲ್ಲದ ಅಜ್ಜ ಹಬ್ಬದೂಟದ ಪಂಕ್ತಿಯಲ್ಲಿ ಯಾರನ್ನೋ ಗದರುತ್ತಿರುವ ಇಪ್ಪತ್ತು ಸೆಕೆಂಡು. ಇವೆಲ್ಲ ಅಲ್ಲಿಗೆ ಹೋದದ್ದು ಜೋಪಾನವಾಗಿರಲಿ ಎಂದಲ್ಲ, ಫೋನಿನಲ್ಲಿ ಜಾಗ ಇಲ್ಲದ್ದರಿಂದ. 2012–13ರ ಹೊತ್ತಿಗೆ ನಮ್ಮಲ್ಲಿ ಹೆಚ್ಚಿನವರು ಕೊಂಡ ಫೋನುಗಳ ಒಳಗಿನ ಸಂಗ್ರಹ 4 ಅಥವಾ 8 ಜಿಬಿ. 'ಸ್ಟೋರೇಜ್ ಫುಲ್' ಎಂದಾಗಲೆಲ್ಲ ಕಂಪ್ಯೂಟರಿಗೆ ಸುರಿದು ಫೋನ್ ಖಾಲಿ ಮಾಡುವುದು ಮನೆಯ ಕೆಲಸಗಳಲ್ಲಿ ಒಂದಾಗಿತ್ತು.

ಈಗ ಲೆಕ್ಕ ತಿರುಗಿದೆ. ಸಾಧಾರಣ ಬೆಲೆಯ ಫೋನೇ 128 ಜಿಬಿಯೊಂದಿಗೆ ಬರುತ್ತದೆ. ಲ್ಯಾಪ್‌ಟಾಪ್ ತೆರೆಯುವವರು ಕಡಿಮೆಯಾಗಿದ್ದಾರೆ. ಅದರ ಹಾರ್ಡ್‌ಡಿಸ್ಕ್ ಕಿರುಗುಟ್ಟಲು ಶುರುವಾಗಿದೆ. ಊರಿನಿಂದ ಬಂದ ಅಮ್ಮ 'ಅದನ್ನೆಲ್ಲ ನನ್ನ ಫೋನಿಗೆ ಹಾಕಿಕೊಡು' ಎನ್ನುತ್ತಾರೆ. ನೋಡಲು ಎರಡು ನಿಮಿಷದ ಕೆಲಸ. ಕೂತು ಮಾಡಿದವರಿಗೆ ಗೊತ್ತು, ಅರ್ಧ ಭಾನುವಾರ ಅದರಲ್ಲೇ ಹೋಗುತ್ತದೆ.

ಫೋನಿನಿಂದ ಹೊರಗೆ ಕಳಿಸುವ ದಾರಿಯನ್ನು ಕಂಪನಿಗಳು ನುಣುಪಾಗಿ ಮಾಡಿವೆ. ಒಳಗೆ ತರುವ ದಾರಿಯ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡಿಲ್ಲ. ಹಾಗಾಗಿ ಜನ ತಮಗೆ ತೋಚಿದ ದಾರಿ ಹಿಡಿಯುತ್ತಾರೆ. ವಿಡಿಯೋ ಹೇಗೋ ಫೋನಿಗೆ ಬಂದುಬಿಡುತ್ತದೆ. ಆದರೆ ಸ್ಪಷ್ಟತೆ, ತಾರೀಖು, ತೆರೆದುಕೊಳ್ಳುವ ಗುಣ ಈ ಮೂರರಲ್ಲಿ ಒಂದಾದರೂ ದಾರಿಯಲ್ಲಿ ಕಳೆದುಹೋಗಿರುತ್ತದೆ. ನಕಲು ಮಾಡುವುದಕ್ಕಿಂತ ಈ ನಷ್ಟ ತಪ್ಪಿಸುವುದೇ ದೊಡ್ಡ ಕೆಲಸ.

ಮೊದಲು, ಎಲ್ಲರೂ ಮಾಡುವುದು: ವಾಟ್ಸ್‌ಆ್ಯಪ್. ಕಂಪ್ಯೂಟರಿನಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದು ತಮಗೆ ತಾವೇ ವಿಡಿಯೋ ಕಳಿಸಿಕೊಳ್ಳುವುದು. ಮಾಮೂಲಿ ವಿಡಿಯೋ ಆಗಿ ಕಳಿಸಿದರೆ ವಾಟ್ಸ್‌ಆ್ಯಪ್ ಅದನ್ನು ಹಿಂಡಿ ಚಿಕ್ಕದು ಮಾಡುತ್ತದೆ. 2023ರಲ್ಲಿ ಬಂದ ಎಚ್‌ಡಿ ಆಯ್ಕೆ ಒತ್ತಿದರೂ ಅದು ಮೂಲ ಕಡತವಲ್ಲ. ಮುಖಗಳ ಅಂಚು ಕಲಸಿಹೋಗುತ್ತದೆ, ತೆಗೆದ ದಿನ ಮಾಯವಾಗಿ ಕಳಿಸಿದ ದಿನ ಕೂತಿರುತ್ತದೆ. ಇದೇ ದಾರಿ ಬೇಕೆಂದರೆ 'ಡಾಕ್ಯುಮೆಂಟ್' ಎಂದು ಸೇರಿಸಿ ಕಳಿಸಿ. ಆಗ ಕಡತ ಇದ್ದಂತೆಯೇ ಹೋಗುತ್ತದೆ. 2022ರಿಂದ ಹೀಗೆ 2 ಜಿಬಿವರೆಗಿನ ಕಡತ ಕಳಿಸಬಹುದು. ಒಂದೆರಡು ತುಣುಕಿಗೆ ಇದು ಸಾಕು, ನೂರು ತುಣುಕಿಗೆ ಅಲ್ಲ.

ಬ್ಲೂಟೂತ್ ಮಾತು ಬೇಡ. ಒಂದು ನಿಮಿಷದ ವಿಡಿಯೋ ಹೋಗುವಷ್ಟರಲ್ಲಿ ಕಾಫಿ ಆರಿರುತ್ತದೆ.

ಮೂರನೆಯದು ಗೂಗಲ್ ಡ್ರೈವ್‌ನಂಥ ಕ್ಲೌಡ್. ಒಂದೇ ಮೇಜಿನ ಮೇಲೆ ಗೇಣು ದೂರದಲ್ಲಿರುವ ಎರಡು ಯಂತ್ರಗಳ ನಡುವೆ ಕಡತ ಸಾಗಿಸಲು ಅದನ್ನು ಎಲ್ಲಿಯೋ ಇರುವ ಡೇಟಾ ಸೆಂಟರ್‌ಗೆ ಕಳಿಸಿ ವಾಪಸ್ ಕರೆಸುವ ಏರ್ಪಾಡು ಇದು. 20 ಜಿಬಿ ವಿಡಿಯೋ ಎಂದರೆ ಮೇಲೆ 20, ಕೆಳಗೆ 20, ಒಟ್ಟು 40 ಜಿಬಿ ಡೇಟಾ. ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ. ಅದೂ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. ಮಗ ಅಮೆರಿಕದಲ್ಲಿ, ಲ್ಯಾಪ್‌ಟಾಪ್ ಮೈಸೂರಿನಲ್ಲಿ ಎನ್ನುವಂಥ ಸಂದರ್ಭ ಬಿಟ್ಟರೆ ಈ ದಾರಿಗೆ ಅರ್ಥವಿಲ್ಲ.

ಹಾಗಾದರೆ ಯಾವುದು? ಆಂಡ್ರಾಯ್ಡ್ ಫೋನ್ ಮತ್ತು ವಿಂಡೋಸ್ ಕಂಪ್ಯೂಟರ್ ಇರುವವರಿಗೆ ನನ್ನ ಓಟು ಸಾದಾ ಯುಎಸ್‌ಬಿ ತಂತಿಗೆ. ಆದರೆ ಅದನ್ನು ಚುಚ್ಚಿದ ಕೂಡಲೇ ಏನೂ ಆಗುವುದಿಲ್ಲ ಎಂಬುದೇ ಜನರ ಮೊದಲ ದೂರು. ಅದಕ್ಕೆ ಎರಡು ಕಾರಣ. ಒಂದು, ತಂತಿಯೇ ಸರಿಯಿಲ್ಲದಿರುವುದು. ಅಗ್ಗದ ಅನೇಕ ಕೇಬಲ್‌ಗಳಲ್ಲಿ ವಿದ್ಯುತ್ ಸಾಗಿಸುವ ತಂತಿಗಳಷ್ಟೇ ಇದ್ದು, ಮಾಹಿತಿ ಸಾಗಿಸುವ ತಂತಿಗಳೇ ಇರುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಮೊಬೈಲ್ ಅಂಗಡಿಯಲ್ಲಾಗಲಿ 'ಡೇಟಾ ಕೇಬಲ್' ಎಂದೇ ಕೇಳಿ ತನ್ನಿ; ಫೋನಿನ ಡಬ್ಬದೊಳಗೆ ಬಂದದ್ದಿದ್ದರೆ ಇನ್ನೂ ಒಳ್ಳೆಯದು. ಎರಡನೆಯ ಕಾರಣ ಫೋನಿನ ಜಾಗರೂಕತೆ. ಯಾವ ಕಂಪ್ಯೂಟರಿಗೆ ಸಿಕ್ಕಿಸಿದರೂ ಅದು 'ಚಾರ್ಜ್ ಮಾತ್ರ' ಎಂದು ಸುಮ್ಮನಿರುತ್ತದೆ. ಪರದೆಯ ಬೀಗ ತೆಗೆದು, ಮೇಲಿಂದ ಎಳೆದು, ಯುಎಸ್‌ಬಿ ಕುರಿತ ಸೂಚನೆ ಒತ್ತಿ 'ಫೈಲ್ ಟ್ರಾನ್ಸ್‌ಫರ್' ಎಂದು ಆರಿಸಬೇಕು. ಈ ಸೂಚನೆಯೇ ಬರದಿದ್ದರೆ ತಂತಿಯನ್ನು ಅನುಮಾನಿಸಿ.

ಇಲ್ಲೊಂದು ಹಳೆಯ ಕಥೆಯಿದೆ. ಆಂಡ್ರಾಯ್ಡ್‌ನ ಆರಂಭದ ದಿನಗಳಲ್ಲಿ ಫೋನು ಕಂಪ್ಯೂಟರಿಗೆ ಪೆನ್‌ಡ್ರೈವ್‌ನಂತೆಯೇ ಕಾಣುತ್ತಿತ್ತು. ಕಂಪ್ಯೂಟರ್ ಅದನ್ನು ಹಿಡಿದುಕೊಂಡಷ್ಟು ಹೊತ್ತು ಫೋನಿಗೆ ತನ್ನದೇ ಮೆಮೊರಿ ಕಾರ್ಡ್ ಸಿಗುತ್ತಿರಲಿಲ್ಲ. ಈ ಜಗಳ ತಪ್ಪಿಸಲು ಗೂಗಲ್ ಮುಂದೆ ಎಂಟಿಪಿ ಎಂಬ ಪದ್ಧತಿಗೆ ಹೊರಳಿತು; ಮೈಕ್ರೋಸಾಫ್ಟ್ ರೂಪಿಸಿದ ಪದ್ಧತಿಯದು. ಇದರಲ್ಲಿ ಕಂಪ್ಯೂಟರ್ ಉಗ್ರಾಣದ ಒಳಗೆ ಕಾಲಿಡುವಂತಿಲ್ಲ. ಬಾಗಿಲಲ್ಲಿ ನಿಂತ ಗುಮಾಸ್ತನಿಗೆ ಚೀಟಿ ಕೊಟ್ಟು 'ಇದನ್ನು ಒಳಗಿಡಪ್ಪ' ಎಂದು ಕೇಳಬೇಕು. ಗುಮಾಸ್ತ ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತಾನೆ. ಸಾವಿರ ಕಡತಗಳನ್ನು ಒಟ್ಟಿಗೆ ಹೇರಿದರೆ ನಡುವೆ ಎಲ್ಲೋ ಕೈಚೆಲ್ಲುತ್ತಾನೆ. ಪರದೆ ಹಸಿರು ಪಟ್ಟಿಯಲ್ಲೇ ಹೆಪ್ಪುಗಟ್ಟುತ್ತದೆ. ಆದ್ದರಿಂದ ನಾಲ್ಕೈದು ಜಿಬಿಯಷ್ಟು ಕಂತು ಮಾಡಿ ಸಾಗಿಸಿ. ಯುಎಸ್‌ಬಿ 2.0ರ ಕಾಗದದ ವೇಗ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಎಂಬಿ. ಕೈಗೆ ಸಿಗುವುದು ಅದರ ಅರ್ಧದಷ್ಟು. ಸೆಕೆಂಡಿಗೆ 30 ಎಂಬಿ ಎಂದಿಟ್ಟುಕೊಂಡರೂ 20 ಜಿಬಿಗೆ ಹನ್ನೊಂದು ಹನ್ನೆರಡು ನಿಮಿಷ. ಟೈಪ್-ಸಿ ತುದಿ ನೋಡಿ ಮೋಸಹೋಗಬೇಡಿ. ತುದಿ ಹೊಸದಾದರೂ ಒಳಗಿನ ವೇಗ ಅದೇ ಹಳೆಯ 2.0 ಆಗಿರುವ ಫೋನುಗಳೂ ಕೇಬಲ್‌ಗಳೂ ಧಾರಾಳವಾಗಿವೆ. 2023ರಲ್ಲಿ ಬಂದ ಐಫೋನ್ 15ರ ಸಾದಾ ಮಾದರಿಯೂ ಈ ಗುಂಪಿನದೇ.

ನಕಲಿಸುವಾಗ ವಿಂಡೋಸ್ ಕೆಲವೊಮ್ಮೆ ಮಧ್ಯೆ ಬಾಯಿ ಹಾಕುತ್ತದೆ: 'ಈ ವಿಡಿಯೋ ನಿಮ್ಮ ಸಾಧನದಲ್ಲಿ ಓಡದಿರಬಹುದು, ಪರಿವರ್ತಿಸಿ ನಕಲಿಸಲೇ?' ಬೇಡ ಎನ್ನಿ. 'ಸುಮ್ಮನೆ ನಕಲಿಸು' ಎಂಬುದನ್ನು ಒತ್ತಿ. ಪರಿವರ್ತನೆ ಬೇಕೋ ಬೇಡವೋ ಎಂಬುದನ್ನು ನೀವು ತೀರ್ಮಾನಿಸಬೇಕು, ಅದಲ್ಲ. ಇನ್ನು, 'ಕಟ್' ಒತ್ತಲೇಬೇಡಿ, 'ಕಾಪಿ' ಒತ್ತಿ. ತಂತಿ ಒಂದಿಷ್ಟು ಅಲುಗಾಡಿದರೂ ಎಂಟಿಪಿ ಸಂಪರ್ಕ ಕಡಿಯುತ್ತದೆ. ಆಗ ಕಟ್ ಮಾಡಿದ ಕಡತ ಅತ್ತಲೂ ಇಲ್ಲದೆ ಇತ್ತಲೂ ಇಲ್ಲದೆ ಹೋಗುವ ಅಪಾಯವಿದೆ.

ತಂತಿ ಬೇಡ ಎನ್ನುವವರಿಗೆ ವೈಫೈ ಇದೆ. ಒಂದು ಕಾಲಕ್ಕೆ ನಮ್ಮೂರಿನ ಹುಡುಗರೆಲ್ಲ ಶೇರ್‌ಇಟ್, ಕ್ಸೆಂಡರ್ ಬಳಸುತ್ತಿದ್ದರು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅವೆರಡೂ ಇದ್ದವು. ಈಗ ಗೂಗಲ್‌ನ ಕ್ವಿಕ್ ಶೇರ್ ಇದೆ. ಗೂಗಲ್‌ನ ನಿಯರ್‌ಬೈ ಶೇರ್ 2024ರಲ್ಲಿ ಸ್ಯಾಮ್‌ಸಂಗ್‌ನ ಕ್ವಿಕ್ ಶೇರ್ ಜೊತೆ ಒಂದಾಗಿ ಆ ಹೆಸರು ಪಡೆಯಿತು. ವಿಂಡೋಸ್‌ಗೂ ಅದರ ಆ್ಯಪ್ ಸಿಗುತ್ತದೆ. ನನಗೆ ಇದಕ್ಕಿಂತ ಹಿಡಿಸಿದ್ದು ಲೋಕಲ್‌ಸೆಂಡ್. ಉಚಿತ, ಮುಕ್ತ ತಂತ್ರಾಂಶ, ಜಾಹೀರಾತಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್, ಐಫೋನ್ ಐದರಲ್ಲೂ ಕೆಲಸ ಮಾಡುತ್ತದೆ. ಎರಡೂ ಯಂತ್ರ ಒಂದೇ ವೈಫೈಯಲ್ಲಿದ್ದರೆ ಸಾಕು, ಇಂಟರ್ನೆಟ್ ಬೇಕಿಲ್ಲ. ರೂಟರ್ ಇಲ್ಲದ ಮನೆಯಲ್ಲಿ ಫೋನಿನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಸೇರಿಸಿದರೂ ನಡೆಯುತ್ತದೆ. ಕಡತ ಹೊರಗೆಲ್ಲೂ ಹೋಗದ ಕಾರಣ ಡೇಟಾ ಖರ್ಚಾಗುವುದಿಲ್ಲ. ಒಂದು ಇನ್ನೊಂದಕ್ಕೆ ಕಾಣದಿದ್ದರೆ ಎರಡೂ ಒಂದೇ ಹೆಸರಿನ ವೈಫೈಗೆ ಸೇರಿವೆಯೇ ನೋಡಿ. ಒಂದು ಮನೆಯವರ ವೈಫೈ, ಇನ್ನೊಂದು 'ಗೆಸ್ಟ್' ಆಗಿದ್ದರೆ ಕಾಣುವುದಿಲ್ಲ. ಮ್ಯಾಕ್ ಮತ್ತು ಆಂಡ್ರಾಯ್ಡ್ ಜೋಡಿಗೆ ನಾನು ಇದನ್ನೇ ಹೇಳುತ್ತೇನೆ. ಮ್ಯಾಕ್‌ಗೆ ಎಂಟಿಪಿ ತಾನಾಗಿ ಅರ್ಥವಾಗುವುದಿಲ್ಲ. ಅದಕ್ಕೆಂದು ಗೂಗಲ್ ಕೊಟ್ಟಿದ್ದ ಆಂಡ್ರಾಯ್ಡ್ ಫೈಲ್ ಟ್ರಾನ್ಸ್‌ಫರ್ ಎಂಬ ಸಾಧನವನ್ನು 2024ರಲ್ಲಿ ಅದು ನಿಲ್ಲಿಸಿಬಿಟ್ಟಿತು.

ಪೆನ್‌ಡ್ರೈವ್ ಅಥವಾ ಮೆಮೊರಿ ಕಾರ್ಡ್ ಮೂಲಕವೂ ಆಗುತ್ತದೆ. ಆದರೆ ಪೆನ್‌ಡ್ರೈವ್ ಎಫ್‌ಎಟಿ32 ಮಾದರಿಯಲ್ಲಿ ಸಜ್ಜಾಗಿದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಕಡತವನ್ನು ಅದು ಸ್ವೀಕರಿಸುವುದಿಲ್ಲ. ಜಾಗ ಖಾಲಿ ಇದ್ದರೂ 'ಕಡತ ತೀರಾ ದೊಡ್ಡದು' ಎನ್ನುತ್ತದೆ. ಎನ್‌ಟಿಎಫ್‌ಎಸ್ ಆಗಿದ್ದರೆ ಕೆಲವು ಫೋನುಗಳು ಓದುವುದೇ ಇಲ್ಲ. ಎಕ್ಸ್‌ಫ್ಯಾಟ್ ಸುರಕ್ಷಿತ. ಫಾರ್ಮ್ಯಾಟ್ ಬದಲಿಸಿದರೆ ಅದರಲ್ಲಿದ್ದದ್ದೆಲ್ಲ ಅಳಿಯುತ್ತದೆ ಎಂಬುದು ನೆನಪಿರಲಿ.

ಐಫೋನಿನದು ಬೇರೆಯದೇ ಸ್ವಭಾವ. ವಿಂಡೋಸ್‌ಗೆ ಸಿಕ್ಕಿಸಿದರೆ ಅದರ ಫೋಟೋ, ವಿಡಿಯೋಗಳು ಕಾಣುತ್ತವೆ, ಹೊರತೆಗೆಯಬಹುದು. ಒಳಗೆ ಒಂದನ್ನೂ ಹಾಕಲಾಗದು. ಆ್ಯಪಲ್ ಹೇಳುವ ದಾರಿ ಐಟ್ಯೂನ್ಸ್ ಅಥವಾ ಆ್ಯಪಲ್ ಡಿವೈಸಸ್ ಆ್ಯಪ್ ಮೂಲಕ 'ಸಿಂಕ್' ಮಾಡುವುದು. 2019ರ ಕ್ಯಾಟಲಿನಾದಿಂದ ಈಚೆಗಿನ ಮ್ಯಾಕ್‌ಗಳಲ್ಲಿ ಆ ಕೆಲಸ ಫೈಂಡರ್‌ನದು. ಈ ಸಿಂಕ್‌ಗೆ ತನ್ನದೇ ಹಟಗಳಿವೆ. ಐಕ್ಲೌಡ್ ಫೋಟೋಸ್ ಚಾಲೂ ಇದ್ದರೆ ಕಂಪ್ಯೂಟರಿನಿಂದ ಫೋಟೋ ಫೋಲ್ಡರ್ ಸಿಂಕ್ ಆಗದು; ಇನ್ನು, ಸಿಂಕ್ ಆಗಿ ಬಂದದ್ದನ್ನು ಫೋನಿನಲ್ಲೇ ಅಳಿಸಲಾಗದು, ಮತ್ತೆ ಅದೇ ಕಂಪ್ಯೂಟರ್ ಮುಂದೆ ಕೂರಬೇಕು. ಮ್ಯಾಕ್ ಇದ್ದವರು ಏರ್‌ಡ್ರಾಪ್ ಮಾಡಿ ಮುಗಿಸುತ್ತಾರೆ. ವಿಂಡೋಸ್‌ನವರು ಐಫೋನಿನಲ್ಲಿ ವಿಎಲ್‌ಸಿ ಹಾಕಿಕೊಂಡು, ಅದರಲ್ಲಿನ ವೈಫೈ ಹಂಚಿಕೆ ಚಾಲೂ ಮಾಡಿ, ಅದು ತೋರಿಸುವ ವಿಳಾಸವನ್ನು ಕಂಪ್ಯೂಟರಿನ ಬ್ರೌಸರ್‌ನಲ್ಲಿ ತೆರೆದು ಕಡತಗಳನ್ನು ಎಳೆದು ಬಿಡಬಹುದು. ಇಲ್ಲವೇ ಐಫೋನ್ 15ರಿಂದ ಈಚೆಗಿನದಾದರೆ ಟೈಪ್-ಸಿ ಪೆನ್‌ಡ್ರೈವ್ ನೇರವಾಗಿ ಸಿಕ್ಕಿಸಿ 'ಫೈಲ್ಸ್' ಆ್ಯಪ್‌ನಿಂದ ಎತ್ತಿಕೊಳ್ಳಬಹುದು. ಅಲ್ಲಿಂದ 'ಸೇವ್ ವಿಡಿಯೋ' ಕೊಟ್ಟರೆ ಫೋಟೋಸ್‌ಗೆ ಸೇರುತ್ತದೆ, ಕಡತದ ಬಗೆ ಅದಕ್ಕೆ ಒಪ್ಪಿಗೆಯಾದರೆ.

ಕಡತದ ಬಗೆಯೇ ಈ ಕೆಲಸದ ನಿಜವಾದ ಮುಳ್ಳು. ಎಂಪಿ4, ಎಂಒವಿ, 3ಜಿಪಿ, ಎವಿಐ ಎಂಬ ಬಾಲಗಳು ಡಬ್ಬದ ಹೆಸರು ಮಾತ್ರ. ಒಳಗೆ ಚಿತ್ರವನ್ನು ಯಾವ ವಿಧಾನದಲ್ಲಿ ಅಡಕ ಮಾಡಲಾಗಿದೆ ಎಂಬುದು ಬೇರೆ. 2003ರ ಎಚ್.264 ಅನ್ನು ಓದದ ಸ್ಮಾರ್ಟ್‌ಫೋನ್ ಇಂದು ಇಲ್ಲವೆಂದೇ ಹೇಳಬಹುದು. 2013ರ ಎಚ್.265 ಅಥವಾ ಎಚ್‌ಇವಿಸಿ ಜಾಗ ಉಳಿಸುತ್ತದೆ. ಐಫೋನಿನ ಕ್ಯಾಮೆರಾ ಸೆಟ್ಟಿಂಗ್ಸ್ ತಾನೇ ಹೇಳುವಂತೆ, ಈ ವಿಧಾನದಲ್ಲಿ ಒಂದು ನಿಮಿಷದ 1080ಪಿ ವಿಡಿಯೋ ಸುಮಾರು 60 ಎಂಬಿ, 4ಕೆ ಆದರೆ 170 ಎಂಬಿ. ಆದರೆ ಹಳೆಯ ಫೋನಿನಲ್ಲಿ ಇದನ್ನು ತೆರೆದರೆ ಧ್ವನಿ ಕೇಳಿಸಿ ಚಿತ್ರ ಕಪ್ಪಾಗಬಹುದು. ಕೀಪ್ಯಾಡ್ ಫೋನುಗಳ ಕಾಲದ 3ಜಿಪಿ ತುಣುಕುಗಳಲ್ಲಿ ಉಲ್ಟಾ: ಗ್ಯಾಲರಿಯಲ್ಲಿ ಕೆಲವೊಮ್ಮೆ ಚಿತ್ರ ಬಂದರೂ ಧ್ವನಿ ಬರುವುದಿಲ್ಲ.

ಇಂಥದ್ದಕ್ಕೆಲ್ಲ ಮೊದಲ ಮದ್ದು ಪರಿವರ್ತನೆಯಲ್ಲ, ಫೋನಿನಲ್ಲಿ ವಿಎಲ್‌ಸಿ ಹಾಕಿಕೊಳ್ಳುವುದು. ಪ್ಯಾರಿಸ್‌ನ ಎಂಜಿನಿಯರಿಂಗ್ ವಿದ್ಯಾರ್ಥಿಗಳು 1996ರಲ್ಲಿ ಶುರುಮಾಡಿದ ಯೋಜನೆಯಿಂದ ಹುಟ್ಟಿದ ಈ ಪ್ಲೇಯರ್ ಏನು ಕೊಟ್ಟರೂ ನುಂಗುತ್ತದೆ. 2022ರಲ್ಲಿ ಕೆಲವು ತಿಂಗಳು ಅದರ ಜಾಲತಾಣ ಭಾರತದಲ್ಲಿ ತೆರೆಯುತ್ತಿರಲಿಲ್ಲ. ಆ ನವೆಂಬರಿನಲ್ಲಿ ತಡೆ ತೆರವಾಯಿತು. ಅಧಿಕೃತ ತಾಣದಿಂದಲೇ ಪಡೆಯಿರಿ. 'ಫ್ರೀ ವಿಡಿಯೋ ಕನ್ವರ್ಟರ್' ಎಂದು ಹುಡುಕಿದಾಗ ಮೇಲೆ ಬರುವವುಗಳಲ್ಲಿ ಹಲವು ನಿಮ್ಮ ವಿಡಿಯೋ ಮೇಲೆ ತಮ್ಮ ಮುದ್ರೆ ಒತ್ತಿ, ಕಂಪ್ಯೂಟರಿಗೆ ಇನ್ನಷ್ಟು ಕಸ ತುಂಬಿ ಹೋಗುತ್ತವೆ.

ಪರಿವರ್ತನೆ ನಿಜಕ್ಕೂ ಬೇಕಾಗುವುದು ಮದುವೆಯ ಸಿಡಿ, ಡಿವಿಡಿಗಳಿಗೆ. ತೊಂಬತ್ತರ ದಶಕದ ಕೊನೆಯಿಂದ ಸ್ಟುಡಿಯೋದವರು ಆಲ್ಬಮ್ಮಿನ ಜೊತೆ ಎರಡು ಮೂರು ತಟ್ಟೆ ಕೊಡುತ್ತಿದ್ದರಲ್ಲ, ಅವು. ಒಂದು ವಿಸಿಡಿಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು 74 ನಿಮಿಷ. ಹಾಗಾಗಿ ನಾಂದಿ, ವರಪೂಜೆ ಒಂದರಲ್ಲಿ, ಧಾರೆ ಇನ್ನೊಂದರಲ್ಲಿ, ಆರತಕ್ಷತೆ ಮತ್ತೊಂದರಲ್ಲಿ. ಚಿತ್ರದ ಅಳತೆ ಬರೀ 352ಕ್ಕೆ 288 ಚುಕ್ಕೆ. ಟಿವಿಯ ದೊಡ್ಡ ಪರದೆಯಲ್ಲಿ ಅದು ಮಂಜು ಮಂಜಾಗಿ ಕಾಣುತ್ತದೆ, ಆದರೆ ಆರಂಗುಲದ ಫೋನಿನಲ್ಲಿ ಆಶ್ಚರ್ಯ ಎನಿಸುವಷ್ಟು ಚೆನ್ನಾಗಿರುತ್ತದೆ. ಇಂಥ ಹಳೆಯ ತುಣುಕುಗಳಿಗೆ ಫೋನೇ ಸರಿಯಾದ ಪರದೆ ಎಂದು ನನಗನಿಸಿದೆ. ಸಿಡಿಯೊಳಗೆ 'ಎಂಪಿಇಜಿಎವಿ' ಫೋಲ್ಡರ್‌ನಲ್ಲಿ ಡಿಎಟಿ ಬಾಲದ ಕಡತ ಇರುತ್ತದೆ. ಡಿವಿಡಿಯಲ್ಲಾದರೆ 'ವಿಡಿಯೋ_ಟಿಎಸ್' ಫೋಲ್ಡರ್‌ನಲ್ಲಿ 1 ಜಿಬಿಗೊಂದರಂತೆ ತುಂಡಾದ ವಿಒಬಿ ಕಡತಗಳು. ಆ ತುಂಡುಗಳನ್ನು ಹಾಗೆಯೇ ಫೋನಿಗೆ ಹಾಕಿದರೆ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಕಡಿದುಹೋಗುತ್ತದೆ!

ಇದಕ್ಕೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ ಸಾಕು. ಡಿವಿಡಿಯ ಇಡೀ ವಿಡಿಯೋ_ಟಿಎಸ್ ಫೋಲ್ಡರ್ ತೋರಿಸಿದರೆ ತುಂಡುಗಳನ್ನು ಜೋಡಿಸಿ ಒಂದೇ ಎಂಪಿ4 ಮಾಡಿಕೊಡುತ್ತದೆ. ಭಾರತದ ಡಿವಿಡಿಗಳು ಪ್ಯಾಲ್ ಪದ್ಧತಿಯವು: 720ಕ್ಕೆ 576 ಚುಕ್ಕೆ, ಸೆಕೆಂಡಿಗೆ 25 ಚಿತ್ರ. ಆದ್ದರಿಂದ 576ಪಿ ಇರುವ ಸಿದ್ಧ ಆಯ್ಕೆಯನ್ನೇ ಆರಿಸಿ. 1080ಪಿ ಆರಿಸಿದ ಮಾತ್ರಕ್ಕೆ ಕ್ಯಾಮೆರಾ ಕಾಣದ ರೇಷ್ಮೆ ಸೀರೆಯ ಅಂಚು ಈಗ ಕಾಣುವುದಿಲ್ಲ. ಯಾರಾದರೂ ಕೈ ಬೀಸಿದಾಗ ಬಾಚಣಿಗೆ ಹಲ್ಲಿನಂಥ ಗೆರೆಗಳು ಮೂಡಿದರೆ 'ಡಿಇಂಟರ್‌ಲೇಸ್' ಆಯ್ಕೆ ಚಾಲೂ ಮಾಡಿ. ಹಳೆಯ ಟಿವಿಗೆಂದು ಚಿತ್ರವನ್ನು ಬೆಸ-ಸಮ ಗೆರೆಗಳಾಗಿ ಸೀಳಿ ದಾಖಲಿಸುತ್ತಿದ್ದ ಕಾಲದ ಕುರುಹು ಅದು. ಪರಿವರ್ತಿಸಿದ ಪ್ರತಿ ಸಲವೂ ಒಂದಿಷ್ಟು ವಿವರ ಕಳೆಯುತ್ತದೆ, ಆದ್ದರಿಂದ ಪ್ರತಿಯ ಪ್ರತಿಯನ್ನು ಪರಿವರ್ತಿಸಬೇಡಿ; ಪ್ರತಿ ಬಾರಿಯೂ ಮೂಲದಿಂದಲೇ ಹೊರಡಿ. ತಟ್ಟೆ ಗೀರಿದ್ದು ಓದಲಾಗದಿದ್ದರೆ ಬೇರೆ ಡ್ರೈವ್‌ನಲ್ಲಿ ಪ್ರಯತ್ನಿಸಿ. ಒಂದು ಡ್ರೈವ್ ಎಡವಿದ್ದನ್ನು ಇನ್ನೊಂದು ಓದುವುದುಂಟು.

ಇನ್ನು ತಾರೀಖು. ಎಲ್ಲ ಸರಿಯಾಗಿ ಬಂತು ಎಂದುಕೊಂಡು ಗ್ಯಾಲರಿ ತೆರೆದರೆ ಹತ್ತು ವರ್ಷದ ವಿಡಿಯೋಗಳೆಲ್ಲ 'ಇಂದು' ಎಂಬ ತಲೆಬರಹದಡಿ ಗುಡ್ಡೆ ಬಿದ್ದಿರುತ್ತವೆ. ಕಡತಕ್ಕೆ ಎರಡು ಬಗೆಯ ತಾರೀಖು ಇರುತ್ತದೆ. ಒಂದು, ಕ್ಯಾಮೆರಾ ವಿಡಿಯೋದ ಒಳಗೇ ಬರೆದದ್ದು. ಇನ್ನೊಂದು, ಶೇಖರಣೆಯ ವ್ಯವಸ್ಥೆ ಹೊರಗೆ ಅಂಟಿಸಿದ್ದು. ನಕಲಿಸುವಾಗ ಹೊರಗಿನದು ಬದಲಾಗುವುದು ಮಾಮೂಲು. ಒಳಗಿನದನ್ನು ನೋಡುವ ಗ್ಯಾಲರಿಯಾದರೆ ಪಾರು, ಹೊರಗಿನದನ್ನು ನಂಬುವ ಗ್ಯಾಲರಿಯಾದರೆ ಗುಡ್ಡೆ. ಇದಕ್ಕೆ ಎಲ್ಲೆಡೆ ನಡೆಯುವ ಉಪಾಯ ಕಡತದ ಹೆಸರಿನಲ್ಲೇ ವರ್ಷ, ತಿಂಗಳು, ದಿನ ಬರೆಯುವುದು. ಆಂಡ್ರಾಯ್ಡ್ ಕ್ಯಾಮೆರಾಗಳಲ್ಲಿ ಹೆಚ್ಚಿನವು 'ವಿಐಡಿ_20140512_183045' ಎಂದು ತಾವೇ ಬರೆದಿರುತ್ತವೆ: 2014ರ ಮೇ 12, ಸಂಜೆ 6 ಗಂಟೆ 30 ನಿಮಿಷ 45 ಸೆಕೆಂಡು. ಆ ಹೆಸರನ್ನು ಅಳಿಸಿ 'ಪುಟ್ಟಿ ಡ್ಯಾನ್ಸ್' ಎಂದು ಬರೆಯಬೇಡಿ, ಮುಂದೆ ಸೇರಿಸಿ. ಹೆಸರಿನ ಕೊನೆಗೆ 'ಡಬ್ಲ್ಯುಎ0007' ಎಂದಿದ್ದರೆ ಅದು ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು. ಅಲ್ಲಿರುವ ತಾರೀಖು ನಿಮಗೆ ಬಂದ ದಿನ, ತೆಗೆದ ದಿನವಲ್ಲ. ಐಫೋನಿನ 'ಐಎಂಜಿ_0231' ಏನನ್ನೂ ಹೇಳುವುದಿಲ್ಲ.

ಫೋನಿನಲ್ಲಿ ಎಲ್ಲಿಡಬೇಕು ಎಂಬುದೂ ಮುಖ್ಯ. 'ಮೂವೀಸ್' ಎಂಬ ಫೋಲ್ಡರ್ ತೆರೆದು ಅದರೊಳಗೆ ಸಂದರ್ಭಕ್ಕೊಂದು ಫೋಲ್ಡರ್ ಮಾಡಿ: '2009 ಗೃಹಪ್ರವೇಶ', '2013 ನಾಮಕರಣ'. ಗ್ಯಾಲರಿ ಆ ಹೆಸರಿನ ಆಲ್ಬಮ್ ತೋರಿಸುತ್ತದೆ. ಕನ್ನಡದಲ್ಲೇ ಬರೆದರೂ ತೊಂದರೆಯಿಲ್ಲ. ಕೂಡಲೇ ಕಾಣದಿದ್ದರೆ ಫೋನ್ ಒಮ್ಮೆ ಆರಿಸಿ ಹಚ್ಚಿ. ಕ್ಯಾಮೆರಾದ ಸ್ವಂತ ಫೋಲ್ಡರ್‌ಗೆ ಮಾತ್ರ ಸುರಿಯಬೇಡಿ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಚಾಲೂ ಇದ್ದರೆ ಅದು ಆ ಫೋಲ್ಡರ್‌ನಲ್ಲಿರುವುದನ್ನೆಲ್ಲ ತಾನಾಗಿ ಮೇಲಕ್ಕೆ ಏರಿಸತೊಡಗುತ್ತದೆ. ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ಕ್ಕೆ ಮುಗಿದಿದೆ. ಹಳೆಯ ಮದುವೆಗಳೆರಡು ಏರುವಷ್ಟರಲ್ಲಿ 15 ಜಿಬಿ ಭರ್ತಿಯಾಗಿ, ಮರುದಿನ ಜಿಮೇಲ್‌ಗೆ ಬರಬೇಕಾದ ಪತ್ರ ನಿಂತಿರುತ್ತದೆ. 'ಇದಕ್ಕೂ ಅದಕ್ಕೂ ಏನು ಸಂಬಂಧ' ಎಂದು ಜನ ತಲೆ ಕೆರೆದುಕೊಳ್ಳುವುದು ಇಲ್ಲಿಯೇ.

ಇಷ್ಟೆಲ್ಲ ರಗಳೆ ಬೇಡ, ಮೊಬೈಲ್ ಅಂಗಡಿಯವನಿಗೆ ಪೆನ್‌ಡ್ರೈವ್ ಕೊಟ್ಟರೆ ಐದು ನಿಮಿಷದಲ್ಲಿ ಹಾಕಿಕೊಡುತ್ತಾನೆ ಎನ್ನುವವರಿದ್ದಾರೆ. ಹಾಕಿಕೊಡುತ್ತಾನೆ, ನಿಜ. ಆದರೆ ಮೊದಲು ತನ್ನ ಕಂಪ್ಯೂಟರಿಗೆ ಇಳಿಸಿಕೊಂಡೇ ಹಾಕುವುದು ಹೆಚ್ಚು. ಅಲ್ಲಿ ಉಳಿದ ಪ್ರತಿಯನ್ನು ಯಾರು ಅಳಿಸಿದರು, ಯಾವಾಗ ಅಳಿಸಿದರು ಎಂದು ನಿಮಗೆ ತಿಳಿಯುವುದಿಲ್ಲ. ಮನೆಮಂದಿಯ ಖಾಸಗಿ ವಿಡಿಯೋಗಳನ್ನು ಹೊರಗಿನ ಕೌಂಟರ್‌ಗೆ ಕೊಡಬೇಡಿ. ಪಕ್ಕದ ಮನೆಯ ಕಾಲೇಜು ಹುಡುಗಿಯನ್ನು ಕರೆದು ಎದುರಿಗೆ ಕೂತು ಮಾಡಿಸಿಕೊಳ್ಳುವುದು ಎಷ್ಟೋ ಮೇಲು.

ಎಲ್ಲವನ್ನೂ ತರಬೇಕೆಂದೂ ಇಲ್ಲ. ಮೂರು ಗಂಟೆಯ ಮದುವೆ ವಿಡಿಯೋದಲ್ಲಿ ಒಂದು ಗಂಟೆ ಊಟದ ಸಾಲಿನದೇ ಇರುತ್ತದೆ. ಬೇಕಾದ್ದನ್ನು ಆರಿಸಿ ತನ್ನಿ. ಫೋನಿನ ಸಂಗ್ರಹದಲ್ಲಿ ಹತ್ತನೇ ಒಂದು ಭಾಗವಾದರೂ ಖಾಲಿ ಬಿಡಿ, ಪೂರ್ತಿ ತುಂಬಿದರೆ ಅದು ತೆವಳತೊಡಗುತ್ತದೆ. ತಂದ ಮೇಲೆ ಕಂಪ್ಯೂಟರಿನ ಫೋಲ್ಡರ್ ಮತ್ತು ಫೋನಿನ ಫೋಲ್ಡರ್ ಎರಡರ ಕಡತಗಳ ಸಂಖ್ಯೆ, ಒಟ್ಟು ಗಾತ್ರ ತಾಳೆ ನೋಡಿ. ನಾಲ್ಕೈದನ್ನು ತೆರೆದು ಕೊನೆಯ ನಿಮಿಷಕ್ಕೆ ಸರಿಸಿ ಓಡಿಸಿ. ಅರ್ಧ ಬಂದ ಕಡತ ಮೊದಲ ನಿಮಿಷದಲ್ಲಿ ಸಾಧು, ಕೊನೆಯಲ್ಲೇ ಕೈಕೊಡುವುದು.

ಎಲ್ಲ ಸರಿಯಿದ್ದರೂ ಕಂಪ್ಯೂಟರಿನಲ್ಲಿರುವ ಮೂಲವನ್ನು ಅಳಿಸಬೇಡಿ. ಫೋನು ಬಸ್ಸಿನಲ್ಲಿ ಬಿಟ್ಟುಹೋಗುವ, ನೀರಿಗೆ ಬೀಳುವ ವಸ್ತು. ಹಳೆಯ ಲ್ಯಾಪ್‌ಟಾಪ್ ಕೊಟ್ಟುಬಿಡಬೇಕೆಂದಿದ್ದರೆ ಒಂದು ಹೊರ ಹಾರ್ಡ್‌ಡಿಸ್ಕ್ ಕೊಂಡು ಅದಕ್ಕೂ ಒಂದು ಪ್ರತಿ ಹಾಕಿ, ಮೇಲೆ ಚೀಟಿ ಅಂಟಿಸಿ, ನಿಮ್ಮ ಮನೆಯಲ್ಲಲ್ಲ, ಅಣ್ಣನದೋ ಅಕ್ಕನದೋ ಮನೆಯ ಬೀರುವಿನಲ್ಲಿ ಇಡಿಸಿ.